ಸ್ಕ್ರೀನ್‌ಶಾಟ್‌ನಿಂದ ಪ್ರಾಪ್ ಅಳತೆ: ಪ್ರತಿಕ್ರಿಯೆ

ಸಿನಿಮಾದ ಪ್ರಾಪ್ (ಚಿತ್ರೀಕರಣದಲ್ಲಿ ಬಳಸುವ ವಸ್ತು) ನಕಲು ಮಾಡಲು ಹೊರಟ ನೀವು, ಸ್ಟಾರ್ ವಾರ್ಸ್‌ನ ಬೆಳಕಿನ ಕತ್ತಿಯಾದ ಲೈಟ್‌ಸೇಬರ್‌ನ ಹಿಡಿಯ ಅಳತೆ ಒಂದೊಂದು ಸ್ಕ್ರೀನ್‌ಶಾಟ್‌ನಲ್ಲಿ ಒಂದೊಂದು ಥರ ಬರುತ್ತಿದೆ ಅಂದಿರಿ. ಬಂದೇ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್‌ನ ಸಿನಿಮಾದಲ್ಲಿ ಒಂದೊಂದು ಫ್ರೇಮ್‌ಗೆ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ 1/48 ಸೆಕೆಂಡ್ ತೆರೆದಿರುತ್ತದೆ. ಕೈ ಅಲುಗಿದರೆ ಅಂಚು ಕಲಸಿಹೋಗುತ್ತದೆ. ಜೊತೆಗೆ ಲೆನ್ಸ್‌ನ ವಕ್ರತೆ ಬೇರೆ. ಬಣ್ಣವನ್ನಂತೂ ಅಲ್ಲಿಂದ ತೆಗೆಯಲೇಬೇಡಿ, ಕಲರ್ ಗ್ರೇಡಿಂಗ್ (ಚಿತ್ರೀಕರಣದ ನಂತರ ಬಣ್ಣ ತಿದ್ದುವ ಕೆಲಸ) ಎಲ್ಲವನ್ನೂ ಬದಲಿಸಿರುತ್ತದೆ.

ಮೊದಲು ಮೂಲ ವಸ್ತು ಯಾವುದೆಂದು ಹುಡುಕಿ. 1977ರ ಸ್ಟಾರ್ ವಾರ್ಸ್‌ನಲ್ಲಿ ನಾಯಕ ಲ್ಯೂಕ್ ಹಿಡಿದ ಲೈಟ್‌ಸೇಬರ್‌ಗೆ ಬಳಸಿದ್ದು ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಶ್‌ನ ಹಿಡಿ. ಆ ಹಳೇ ಫ್ಲ್ಯಾಶ್‌ನ ಫೋಟೋ, ಅಳತೆ ಎರಡೂ ಸಿಗುತ್ತವೆ. ಆಮೇಲೆ ಹರಾಜು ಸಂಸ್ಥೆಗಳ ಕ್ಯಾಟಲಾಗ್: ದೊಡ್ಡ ಚಿತ್ರ, ಎಷ್ಟೋ ಸಲ ಉದ್ದವೂ ನಮೂದಾಗಿರುತ್ತದೆ. ಆದರೆ ಅದು ಕ್ಲೋಸಪ್‌ನ ಪ್ರಾಪೋ, ಸ್ಟಂಟ್‌ನ ರಬ್ಬರ್ ಎರಕವೋ ನೋಡಿಕೊಳ್ಳಿ, ಎರಕ ಕುಗ್ಗುತ್ತದೆ. ಹುಡುಕಿದಾಗ ಮೇಲೆ ಬರುವ ಚಿತ್ರಗಳಲ್ಲಿ ಬಹಳಷ್ಟು ಬೇರೆಯವರು ಮಾಡಿದ ನಕಲುಗಳದ್ದು. ಗೀರು, ತಗ್ಗು ಪರದೆಯ ಮೇಲಿನದಕ್ಕೆ ತಾಳೆಯಾದರೆ ಮಾತ್ರ ನಂಬಿ.

ಅಳತೆಗೆ ದೂರದಿಂದ ಟೆಲಿ ಲೆನ್ಸ್‌ನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್), ನೇರ ಪಕ್ಕದಿಂದ ತೆಗೆದ ಫೋಟೋ ಆರಿಸಿ. ಗೊತ್ತಿರುವ ಒಂದು ಭಾಗದ ಪಿಕ್ಸೆಲ್ ಎಣಿಸಿ, ಆ ಭಾಗದ ನಿಜವಾದ ಮಿಲಿಮೀಟರ್ ಅಳತೆಯಿಂದ ಭಾಗಿಸಿ; ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂದು ಸಿಗುತ್ತದೆ, ಉಳಿದ ಭಾಗಗಳನ್ನು ಅದರಿಂದ ಅಳೆಯಿರಿ. ಆ ಭಾಗವೂ ನೀವು ಅಳೆಯುವ ಭಾಗವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಕ್ಯಾಮೆರಾ ಕಡೆಗೆ ಚಾಚಿದ ಗುಂಡಿಯನ್ನು (ಬಟನ್) ಆಧಾರವಾಗಿ ಹಿಡಿದರೆ ಹಿಂದಿರುವ ಹಿಡಿಯ ಕೊಳವೆಯ ಅಳತೆ ಕಡಿಮೆಯೇ ಬರುತ್ತದೆ.