ಶುಗರ್ 300 ಆಗಿದೆ, ಅಪ್ಪನ ಸ್ಟಿರಾಯ್ಡ್ ನಿಲ್ಲಿಸಲಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 54 ವರ್ಷ. ಕೆಮ್ಮಿದರೆ ರಕ್ತ ಬರುತ್ತಿತ್ತು, ಟಿಬಿ ಇರಬೇಕು ಅಂದುಕೊಂಡೆವು. ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಷ್ಟರಲ್ಲಿ ಕಿಡ್ನಿ ಸ್ಥಿತಿ ತೋರಿಸುವ ಕ್ರಿಯೇಟಿನಿನ್ 4 ದಾಟಿತು. ಆಂಕಾ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತು, ಕಿಡ್ನಿ ಬಯಾಪ್ಸಿ ಮಾಡಿ ವ್ಯಾಸ್ಕುಲೈಟಿಸ್ (ರಕ್ತನಾಳಗಳ ಉರಿಯೂತ) ಎಂದರು. ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಟ್ಟಿದ್ದಾರೆ, ದಿನಕ್ಕೆ 60 ಮಿ.ಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ನಡೆದಿದೆ. ರಕ್ತ ನಿಂತಿದೆ. ಆದರೆ ಮುಖ ಊದಿದೆ, ಶುಗರ್ 300. ಸ್ಟಿರಾಯ್ಡ್ ಬಿಡಿಸಿ ನಾಟಿ ಔಷಧಿ ಕೊಡಿಸು ಅಂತ ಸೋದರಮಾವ ಹಟ ಹಿಡಿದಿದ್ದಾರೆ.
– ಹೆಸರು ಬೇಡ, ಹಾವೇರಿ

ಉತ್ತರ: ಬಿಡಿಸಬೇಡಿ. ಈ ಕಾಯಿಲೆಯಲ್ಲಿ ಮೈಯ ಬಿಳಿ ರಕ್ತಕಣಗಳೇ ಸಣ್ಣ ರಕ್ತನಾಳಗಳ ಗೋಡೆ ಕೆಡಿಸುತ್ತವೆ. ಇಂಥ ನಾಳಗಳು ಜಾಸ್ತಿ ಇರುವುದು ಶ್ವಾಸಕೋಶ, ಕಿಡ್ನಿಗಳಲ್ಲಿ, ಹಾಗಾಗಿ ಎರಡಕ್ಕೂ ಒಟ್ಟಿಗೆ ಪೆಟ್ಟು. ಶ್ವಾಸಕೋಶ ರಕ್ತ ತೋರಿಸಿ ಹೆದರಿಸುತ್ತದೆ. ಕಿಡ್ನಿ ಮಾತ್ರ ನೋವೇ ಇಲ್ಲದೆ ಸುಮ್ನೆ ಹಾಳಾಗುತ್ತಾ ಹೋಗುತ್ತದೆ, ಒಮ್ಮೆ ಗಾಯ ಕಟ್ಟಿದ ಭಾಗ ಮತ್ತೆ ಬರುವುದಿಲ್ಲ. ಕೆಮ್ಮು ನಿಂತಿತಲ್ವಾ ಅಂತ ಸಮಾಧಾನಪಡಬೇಡಿ, ಮೂತ್ರ ಮತ್ತು ಕ್ರಿಯೇಟಿನಿನ್ ರಿಪೋರ್ಟ್ ನೋಡಿ.

ಇನ್ನೊಂದು ಮಾತು: ವಾರಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಆದರೂ ನಿಮ್ಮ ಮಾವನ ಆತಂಕ ಸುಳ್ಳಲ್ಲ. ಇದೇ ಕಾಯಿಲೆಯ 700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ ಅಧ್ಯಯನದಲ್ಲಿ ಸ್ಟಿರಾಯ್ಡ್ ಬೇಗ ಇಳಿಸಿದವರಿಗೂ ಚಿಕಿತ್ಸೆ ಅಷ್ಟೇ ಫಲ ಕೊಟ್ಟಿತು, ಗಂಭೀರ ಸೋಂಕು ಮಾತ್ರ ಕಡಿಮೆಯಾಯಿತು. ಯಾವ ವಾರ ಎಷ್ಟು ಇಳಿಸ್ತೀರಿ ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಸಂಕೋಚ ಬೇಡ. ಶುಗರ್ 300 ಇರುವಾಗ ಕಾಯಬೇಡಿ, ಇವತ್ತೇ ಫೋನ್ ಮಾಡಿ. ಕೆಲವು ದಿನ ಇನ್ಸುಲಿನ್ ಬೇಕಾಗಬಹುದು, ಸ್ಟಿರಾಯ್ಡ್ ಇಳಿದಂತೆ ಅದೂ ಇಳಿಯುತ್ತದೆ.

ನಾಟಿ ಔಷಧಿ ಬೇಡವೇ ಬೇಡ. ಕೆಲವು ಪುಡಿ, ಭಸ್ಮಗಳಲ್ಲಿ ಪಾದರಸ, ಸೀಸ ಇರುತ್ತವೆ, ನರಳುತ್ತಿರುವ ಕಿಡ್ನಿ ಅದನ್ನು ತಡೆಯಲಾರದು. ಮೆಡಿಕಲ್ ಶಾಪ್‌ನ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯೂ ಹಾಗೆಯೇ. ಕೋಟ್ರೈಮಾಕ್ಸಜೋಲ್ ಮಾತ್ರೆ ಬರೆದಿದ್ದರೆ ಅದು ನ್ಯುಮೋನಿಯಾ ತಡೆಯಲು, ಇದ್ಯಾಕೆ ಅಂತ ಕೈಬಿಡಬೇಡಿ.

ಕಾಯಿಲೆ ಹತೋಟಿಗೆ ಬಂದ ಮೇಲೂ ಸಾಮಾನ್ಯವಾಗಿ 2 ವರ್ಷ ಅಥವಾ ಹೆಚ್ಚು ಕಾಲ ಔಷಧಿ ಬೇಕಾಗುತ್ತದೆ, ಮರುಕಳಿಸುವುದು ಇದರ ಕೆಟ್ಟ ಚಾಳಿ. ಜ್ವರ ಬಂದರೆ, ಕಫದಲ್ಲಿ ಮತ್ತೆ ಕೆಂಪು ಕಂಡರೆ, ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.