ಸಮ್ಮಿಶ್ರ ಸರ್ಕಾರದಲ್ಲಿ ಎಷ್ಟು ಮಂತ್ರಿಗಳಿರಬಹುದು, ಯಾವ ಪಕ್ಷಕ್ಕೆ ಎಷ್ಟು ಪಾಲು?

ಎಷ್ಟೇ ಪಕ್ಷಗಳು ಕೈಜೋಡಿಸಲಿ, ಮಿತಿ ಹಿಗ್ಗುವುದಿಲ್ಲ. 2003ರ ಸಂವಿಧಾನ ತಿದ್ದುಪಡಿಯಂತೆ ವಿಧಾನಸಭೆಯ ಸದಸ್ಯಬಲದ ಶೇ 15ರಷ್ಟು ಮಾತ್ರ. ನಮ್ಮ ಕರ್ನಾಟಕದ 224 ಸ್ಥಾನಗಳಿಗೆ ಮುಖ್ಯಮಂತ್ರಿಯೂ ಸೇರಿ 34. ಪಾಲು ಎಷ್ಟೆಂದು ಕಾನೂನು ಹೇಳುವುದಿಲ್ಲ, ಅದು ಪಕ್ಷಗಳ ಒಪ್ಪಂದ. 2018ರಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಎಂದಾಯಿತು. ಆದರೆ ಕಡಿಮೆ ಶಾಸಕರಿದ್ದ ಜೆಡಿಎಸ್‌ಗೇ ಮುಖ್ಯಮಂತ್ರಿ ಸ್ಥಾನ ಮತ್ತು ಹಣಕಾಸು ಖಾತೆ ಸಿಕ್ಕವು. ಗೃಹ ಖಾತೆ ಕಾಂಗ್ರೆಸ್ಸಿನ ಜಿ. ಪರಮೇಶ್ವರ ಅವರಿಗೆ ಹೋಯಿತು. ತಲೆ ಎಣಿಸಿದರೆ ಸಾಲದು, ಖಾತೆಯ ತೂಕ ನೋಡಬೇಕು.

ನಮ್ಮ ಬೀದರ್ ಜಿಲ್ಲೆಯಲ್ಲಿ ಸಹಕಾರ ಖಾತೆ ಜೆಡಿಎಸ್‌ನ ಬಂಡೆಪ್ಪ ಕಾಶೆಂಪುರ ಅವರಿಗೆ, ಗಣಿ ಖಾತೆ ಕಾಂಗ್ರೆಸ್ಸಿನ ರಾಜಶೇಖರ ಪಾಟೀಲ ಅವರಿಗೆ ಬಂದಿತ್ತು. ಸಾಲಮನ್ನಾಕ್ಕಾಗಿ ಪಹಣಿ ಹಿಡಿದು ಸಹಕಾರ ಸಂಘದ ಮುಂದೆ ಸಾಲುಗಟ್ಟಿ ನಿಂತ ರೈತರಿಗೆ ಆ ಖಾತೆ ಯಾರ ಕೈಯಲ್ಲಿದೆ ಎಂಬುದು ಸಣ್ಣ ಮಾತಾಗಿರಲಿಲ್ಲ.