ಟ್ಯಾಂಪಾ ಮನೆ, ವಿಮೆ ಮತ್ತು ಮೂರನೇ ಮೊಳೆ

ಫ್ಲೋರಿಡಾದ ಟ್ಯಾಂಪಾದಲ್ಲಿ 1994ರಲ್ಲಿ ಕಟ್ಟಿದ ಮನೆ ಒಪ್ಪಿಗೆಯಾಗಿದೆ, ಇನ್ಶೂರೆನ್ಸ್ ಮೊತ್ತ ಕೇಳಿ ತಲೆ ತಿರುಗಿತು, ಏಜೆಂಟ್ ಮಾತ್ರ ‘ವಿಂಡ್ ಮಿಟಿಗೇಶನ್ ಇನ್‌ಸ್ಪೆಕ್ಷನ್ ಮಾಡಿಸಿ’ ಅಂತಿದ್ದಾರೆ, ಇದು ದುಡ್ಡು ದಂಡವೇ ಅಂತ ಕೇಳಿದ್ದೀರಿ. ಖಂಡಿತ ದಂಡವಲ್ಲ. ಮನೆ ಬಿರುಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ನೋಡುವ ತಪಾಸಣೆ ಇದು. ಸಾಮಾನ್ಯವಾಗಿ 75ರಿಂದ 150 ಡಾಲರ್ ಆಗುತ್ತದೆ, ಕೊಳ್ಳುವ ಮುಂಚಿನ ಹೋಮ್ ಇನ್‌ಸ್ಪೆಕ್ಷನ್ ಜೊತೆಗೇ ಮಾಡಿಸಿದರೆ ಇನ್ನೂ ಅಗ್ಗ. ಮನೆಗೆ ದೊಡ್ಡ ಬದಲಾವಣೆ ಮಾಡದಿದ್ದರೆ ವರದಿ 5 ವರ್ಷದವರೆಗೆ ನಡೆಯುತ್ತದೆ.

ಬೆಂಗಳೂರಿನ ಆರ್‌ಸಿಸಿ ಮನೆಗೆ ಈ ಪ್ರಶ್ನೆಯೇ ಇಲ್ಲ. ಇಲ್ಲಿ ಗೋಡೆ ಕಾಂಕ್ರೀಟ್ ಬ್ಲಾಕಿನದಾದರೂ ಮಾಡು, ಅಂದರೆ ಚಾವಣಿ, ಮರದ್ದು: ಟ್ರಸ್ (ಮರದ ತ್ರಿಕೋನ ಚೌಕಟ್ಟು), ಅದರ ಮೇಲೆ ಪ್ಲೈವುಡ್, ಅದರ ಮೇಲೆ ಶಿಂಗಲ್ ಹೊದಿಕೆ. ಚಂಡಮಾರುತ ಈ ಮಾಡನ್ನು ಪಕ್ಕಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಕೀಳುತ್ತದೆ. ಕಿಟಕಿ ಒಡೆದು ಗಾಳಿ ಒಳಗೆ ನುಗ್ಗಿದರೆ ಕೆಳಗಿನಿಂದಲೂ ಎತ್ತುತ್ತದೆ. 1992ರ ಆಂಡ್ರ್ಯೂ ಚಂಡಮಾರುತದ ನಂತರ ಕಟ್ಟಡ ನಿಯಮಗಳು ಬಿಗಿಯಾದವು, 2002ರ ಮಾರ್ಚ್ 1ರಿಂದ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಬಂತು. ಗಾಳಿಗೆ ತಡೆಯುವ ಗುಣಗಳಿರುವ ಮನೆಗೆ ವಿಮಾ ಕಂಪನಿ ರಿಯಾಯಿತಿ ಕೊಡಲೇಬೇಕು ಅಂತ ಕಾನೂನೂ ಇದೆ. ಆದರೆ ಅದು ಪ್ರೀಮಿಯಮ್ಮಿನ ಗಾಳಿಯ ಭಾಗಕ್ಕೆ ಮಾತ್ರ. ಹಾಗಾಗಿ ‘ಶೇಕಡಾ ಇಷ್ಟು ಕಡಿಮೆ’ ಅಂತ ಯಾರಾದರೂ ಹೇಳಿದರೆ, ಯಾವುದರ ಶೇಕಡಾ ಅಂತ ಕೇಳಿ.

ಮೊದಲು ಏಜೆಂಟ್ ಹತ್ತಿರ ಒಐಆರ್-ಬಿ1-1655 ನಮೂನೆ ತರಿಸಿಕೊಳ್ಳಿ. ಯಾವ ಗುಣಕ್ಕೆ ಎಷ್ಟು ಉಳಿತಾಯ ಅಂತ ಆ ಕಂಪನಿಯ ಲೆಕ್ಕ ಅದರಲ್ಲಿರುತ್ತದೆ. ಇನ್‌ಸ್ಪೆಕ್ಟರ್ ತುಂಬುವುದು ಬೇರೆ ನಮೂನೆ, ಒಐಆರ್-ಬಿ1-1802. ಈ ತರಬೇತಿ ಪಡೆದ ಲೈಸೆನ್ಸ್‌ದಾರ ಹೋಮ್ ಇನ್‌ಸ್ಪೆಕ್ಟರ್, ಕಂಟ್ರಾಕ್ಟರ್, ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಹಿ ಹಾಕಬಹುದು. ಫೋಟೋ ಇಲ್ಲದ ಅಂಶಕ್ಕೆ ರಿಯಾಯಿತಿ ಸಿಗುವುದು ಕಷ್ಟ. ಆದ್ದರಿಂದ ಅವರು ಬರುವ ಮುಂಚೆ ಅಟ್ಟದ ಬಾಗಿಲ ಕೆಳಗಿನ ಸಾಮಾನು ತೆಗೆಸಿಡಿ. ಹತ್ತಲಾಗದೆ ವಾಪಸ್ ಹೋದರೆ ದುಡ್ಡು ಕೊಟ್ಟೂ ಅರ್ಧ ವರದಿ.

ಅಟ್ಟದಲ್ಲಿ ನೋಡುವುದು ಎರಡು. ಒಂದು, ಪ್ಲೈವುಡ್ಡನ್ನು ಟ್ರಸ್ಸಿಗೆ ಹೊಡೆದ ಮೊಳೆ. ಟ್ರಸ್ ತಪ್ಪಿ ಪಕ್ಕಕ್ಕೆ ಇಳಿದ ಮೊಳೆಯೇ ಇಲ್ಲಿ ಸಾಕ್ಷಿ: ಸುಮಾರು 2 ಇಂಚು ಹೊರಗೆ ಕಂಡರೆ ಅದು ಎರಡೂವರೆ ಇಂಚಿನ 8ಡಿ, ಒಂದೂವರೆ ಕಂಡರೆ ಅದಕ್ಕಿಂತ ಚಿಕ್ಕ 6ಡಿ (‘ಡಿ’ ಅನ್ನುವುದು ಇಲ್ಲಿ ಮೊಳೆಯ ಅಳತೆ). 8ಡಿ ಮೊಳೆ 6 ಇಂಚಿಗೊಂದು ಇದ್ದರೆ ಉತ್ತಮ ದರ್ಜೆ, 12 ಇಂಚಿಗೊಂದು ಇದ್ದರೆ ಮಧ್ಯಮ, 6ಡಿ ಅಥವಾ ಸ್ಟೇಪಲ್ ಆದರೆ ಕೆಳಗಿನದು. 2007ರ ಅಕ್ಟೋಬರ್ ನಂತರ ಹಳೇ ಮನೆಗೆ ಹೊಸ ಹೊದಿಕೆ ಹಾಕುವಾಗ ಮೊಳೆಯನ್ನೂ ಹೊಸದಾಗಿ ಹೊಡೆಯಬೇಕೆಂಬ ನಿಯಮವಿದೆ. 2019ರಲ್ಲಿ ಮಾಡು ಬದಲಾಯಿಸಿದೆ ಅಂತ ಮಾರುವವರು ಹೇಳಿದ್ದು ನಿಜವಾದರೆ ನಿಮಗೆ ಇದು ಅನುಕೂಲ. ಬಾಯಿಮಾತು ನಂಬಬೇಡಿ, ನಗರ ಅಥವಾ ಕೌಂಟಿಯ ವೆಬ್‌ಸೈಟಿನಲ್ಲಿ ಪರ್ಮಿಟ್ ಹುಡುಕಿ ಅರ್ಜಿಯ ದಿನಾಂಕ ಬರೆದಿಟ್ಟುಕೊಳ್ಳಿ. ಅಟ್ಟದ ಮೇಲ್ಭಾಗಕ್ಕೆ ಸ್ಪ್ರೇ ಫೋಮ್ (ಶಾಖ ತಡೆಯುವ ನೊರೆ) ಬಳಿದಿದ್ದರೆ ಮೊಳೆ ಕಾಣುವುದೇ ಇಲ್ಲ. ಅದನ್ನು, ಹೊದಿಕೆ ಹಾರಿಹೋದರೂ ನೀರು ತಡೆಯುವ ಎರಡನೇ ಪದರ ಅಂತಲೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು, ಟ್ರಸ್ ಗೋಡೆಗೆ ಹೇಗೆ ಕಟ್ಟಿದೆ ಅನ್ನುವುದು. ಮೂಲೆಯಲ್ಲಿ ಓರೆಯಾಗಿ ಹೊಡೆದ ಮೊಳೆ ಮಾತ್ರ ಇದ್ದರೆ ಕನಿಷ್ಠ. ಲೋಹದ ಕ್ಲಿಪ್ ಇದ್ದರೆ ಅದಕ್ಕಿಂತ ಮೇಲು. ಲೋಹದ ಪಟ್ಟಿ ಟ್ರಸ್ಸಿನ ತಲೆ ಮೇಲೆ ಹಾದು, ಈಚೆ ಬದಿ ಎರಡು, ಆಚೆ ಬದಿ ಒಂದು ಮೊಳೆ ಇದ್ದರೆ ‘ರ‍್ಯಾಪ್’. ಬಹಳ ಮನೆಗಳು ಸೋಲುವುದು ಇಲ್ಲೇ. ಕ್ಲಿಪ್ ಇರುತ್ತದೆ, ಆದರೆ ಟ್ರಸ್ಸಿಗೆ ಎರಡೇ ಮೊಳೆ. ನಮೂನೆ ಕೇಳುವುದು ಕನಿಷ್ಠ ಮೂರು. ಮೂರನೆಯದು ಇಲ್ಲದಿದ್ದರೆ ಕ್ಲಿಪ್ಪೇ ಇಲ್ಲದಂತೆ. ಪ್ರತಿ ಟ್ರಸ್ಸಿಗೂ ಒಂದೊಂದು ಮೊಳೆ ಸೇರಿಸಿ ಮತ್ತೆ ತಪಾಸಣೆ ಮಾಡಿಸುವುದು ಕಿಟಕಿ ಬದಲಾಯಿಸುವ ಖರ್ಚಿನ ಮುಂದೆ ಏನೂ ಅಲ್ಲ. ಸೂರಿನ ಹತ್ತಿರ ಜಾಗ ಇಕ್ಕಟ್ಟು, ಕಂಟ್ರಾಕ್ಟರ್ ಕೈಲಿ ಮಾಡಿಸಿ.

ಮಾಡಿನ ಆಕಾರ ನಿಮ್ಮ ಕೈಯಲ್ಲಿಲ್ಲ. ನಾಲ್ಕೂ ಕಡೆ ಇಳಿಜಾರಿರುವ ಹಿಪ್ ಮಾಡಿಗೆ ಒಳ್ಳೆಯ ರಿಯಾಯಿತಿ, ಆದರೆ ಬೇರೆ ಆಕಾರ ಸುತ್ತಳತೆಯ ಶೇ. 10 ಮೀರಬಾರದು. ಸುತ್ತಳತೆ 220 ಅಡಿ, ಗೇಬಲ್ ಭಾಗ (ಇಳಿಜಾರಿಲ್ಲದೆ ತ್ರಿಕೋನ ಗೋಡೆ ಇರುವ ಕಡೆ) 24 ಅಡಿ ಆದರೆ ಹಿಪ್ ಅಲ್ಲ. 22 ಆದರೆ ಹೌದು. ಗೋಡೆಗೆ ಅಂಟಿಸಿದ, ಸುತ್ತ ಗೋಡೆಯಿಲ್ಲದ ಪೋರ್ಚಿನ ಮಾಡು ಈ ಲೆಕ್ಕಕ್ಕಿಲ್ಲ. ಟೇಪಿಟ್ಟು ಅಳೆದರೇ ಅಂತ ನೋಡಿ.

ಕಿಟಕಿ ಬಾಗಿಲುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದರ ದರ್ಜೆಯೇ ಇಡೀ ಮನೆಯ ದರ್ಜೆ. ಹದಿನಾಲ್ಕು ಕಿಟಕಿಗೆ ಶಟರ್ ಹಾಕಿ ಬಚ್ಚಲಿನ ಪುಟ್ಟ ಕಿಟಕಿ ಬಿಟ್ಟರೆ ಪೂರ್ಣ ರಿಯಾಯಿತಿ ಇಲ್ಲ. ಸ್ಕೈಲೈಟ್, ಗ್ಯಾರೇಜ್ ಬಾಗಿಲಿನ ಗಾಜು ಮರೆಯಬೇಡಿ. ಗಾಜಿನ ಮೂಲೆಯ ಗುರುತು, ಫ್ಲೋರಿಡಾ ಅನುಮೋದನೆ ಸಂಖ್ಯೆ ಅಥವಾ ಮಯಾಮಿ-ಡೇಡ್ ಕೌಂಟಿಯ ಎನ್‌ಒಎ (ಅನುಮೋದನೆ ಪತ್ರ), ಬಿಲ್ಲು, ಎಲ್ಲವನ್ನೂ ಇಡಿ. ಕೇವಲ ವಿಮೆಗೋಸ್ಕರ ಎಲ್ಲ ಕಿಟಕಿ ಬದಲಾಯಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹಾಕಿದ ದುಡ್ಡು ಉಳಿತಾಯದಲ್ಲೇ ಹುಟ್ಟಲು ವರ್ಷಗಟ್ಟಲೆ ಬೇಕು.

‘ಮೈ ಸೇಫ್ ಫ್ಲೋರಿಡಾ ಹೋಮ್’ ಎಂಬ ರಾಜ್ಯದ ಯೋಜನೆಯಲ್ಲಿ ತಪಾಸಣೆ ಉಚಿತ, ಮನೆ ಗಟ್ಟಿಮಾಡಲು ನೀವು ಹಾಕಿದ ಪ್ರತಿ 1 ಡಾಲರಿಗೆ ಅವರು 2, ಗರಿಷ್ಠ 10,000 ಡಾಲರ್. ಹಣ ಮುಗಿದಾಗ ಅರ್ಜಿ ನಿಲ್ಲಿಸುತ್ತಾರೆ, ಮಂಜೂರಾತಿಗೆ ಮುಂಚೆ ಶುರು ಮಾಡಿದ ಕೆಲಸಕ್ಕೆ ಬಿಡಿಗಾಸೂ ಇಲ್ಲ. ಹೋಮ್‌ಸ್ಟೆಡ್ ವಿನಾಯಿತಿ (ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿ) ಇರುವ ಮನೆಗೇ ಇದು ಅನ್ವಯ. ಎಚ್-1ಬಿ ವೀಸಾದಲ್ಲಿದ್ದರೆ ಅದು ಸಲೀಸಲ್ಲ, ಕೌಂಟಿಯ ಪ್ರಾಪರ್ಟಿ ಅಪ್ರೈಸರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ವರದಿ ಕಳಿಸಿದ ಮೇಲೆ ಪಾಲಿಸಿಯ ಡಿಕ್ಲರೇಶನ್ ಪುಟದಲ್ಲಿ ರಿಯಾಯಿತಿ ಸೇರಿದೆಯಾ ನೋಡಿ. ಹರಿಕೇನ್ ಡಿಡಕ್ಟಿಬಲ್ ಕೂಡ ಅಲ್ಲೇ ಇರುತ್ತದೆ: 4,00,000 ಡಾಲರಿಗೆ ವಿಮೆ ಮಾಡಿದ ಮನೆಗೆ ಶೇ. 2 ಅಂದರೆ ಮೊದಲ 8,000 ನಿಮ್ಮದೇ ಜೇಬಿನಿಂದ. ಪ್ರೀಮಿಯಂ ಇಳಿಸಲು ಅದನ್ನು 5ಕ್ಕೆ ಏರಿಸುತ್ತೀವಿ ಅಂತ ಏಜೆಂಟ್ ಹೇಳಿದರೆ, 20,000 ಕೈಯಲ್ಲಿದ್ದರೆ ಮಾತ್ರ ಒಪ್ಪಿ. ನೆರೆ ಹಾವಳಿಗೆ ಈ ಪಾಲಿಸಿ ಬರುವುದಿಲ್ಲ, ಅದು ಬೇರೆಯೇ ಪಾಲಿಸಿ.